ಹೊಣೆ ಜೂಜುಕಟ್ಟೆಯ ಯಜಮಾನನಿಗೂ ಇದೆ

ಕ್ಯಾಸಿನೊ ವಿಚಾರ ಬಂದಾಗಲೆಲ್ಲ ಒಂದು ಮಾತು ಕೇಳಿಸುತ್ತದೆ: 'ಅವರ ದುಡ್ಡು, ಅವರಿಷ್ಟ. ಮಿತಿ ಅರಿತು ಆಡಿದರೆ ತಪ್ಪೇನು?' ವಯಸ್ಸಿಗೆ ಬಂದವರನ್ನು ಮಕ್ಕಳ ಹಾಗೆ ನಡೆಸಿಕೊಳ್ಳಬಾರದೆಂಬ ಕಾಳಜಿ ಇದರ ಹಿಂದಿದೆ, ಅದರ ಬಗ್ಗೆ ನನಗೆ ಗೌರವವಿದೆ. 'ಜವಾಬ್ದಾರಿಯಿಂದ ಆಡಿ' ಎಂದು ಉದ್ಯಮ ಹಾಕುವ ಫಲಕವೂ ಇದನ್ನೇ ಹೇಳುತ್ತದೆ. ಆದರೂ ಹೊಣೆಯನ್ನೆಲ್ಲ ಆಡುವವನ ತಲೆಗೇ ಕಟ್ಟುವ ಈ ನ್ಯಾಯವನ್ನು ಒಪ್ಪಲು ನನಗೆ ಆಗುತ್ತಿಲ್ಲ.

ರೂಲೆಟ್ ಮೇಜನ್ನೇ ನೋಡಿ. ಯುರೋಪಿಯನ್ ಚಕ್ರದಲ್ಲಿ ಸೊನ್ನೆಯಿಂದ 36ರವರೆಗೆ ಒಟ್ಟು 37 ಮನೆಗಳು. ಒಂದೂ ಬಿಡದೆ ಎಲ್ಲ ಮನೆಗೂ ನೂರು ರೂಪಾಯಿಯಂತೆ ಕಟ್ಟಿದರೆ 3,700 ಆಯಿತು. ಗೋಲಿ ಎಲ್ಲೇ ನಿಲ್ಲಲಿ, ಗೆದ್ದ ಮನೆಗೆ ಒಂದಕ್ಕೆ 35ರಂತೆ 3,500 ರೂಪಾಯಿ, ಅದರ ಮೇಲೆ ಕಟ್ಟಿದ ನೂರು; ಕೈಗೆ ಬರುವುದು 3,600. ಉಳಿದ ನೂರು ಯಜಮಾನನಿಗೆ. ಇದರಲ್ಲಿ ಮೋಸವಿಲ್ಲ, ಲೆಕ್ಕ ಎಲ್ಲರಿಗೂ ಗೊತ್ತಿರುವುದೇ. ಕಟ್ಟಿದ ಹಣದಲ್ಲಿ ಸರಾಸರಿ ಶೇ 2.7ರಷ್ಟು ಅವನ ಪಾಲು. ಸಂಯಮಿ ಆಡಿದರೂ ಅಷ್ಟೇ, ಚಟಕ್ಕೆ ಬಿದ್ದವನು ಆಡಿದರೂ ಅಷ್ಟೇ. ಒಬ್ಬ ಬೇಗ ಎದ್ದು ಹೋಗುತ್ತಾನೆ, ಇನ್ನೊಬ್ಬ ಬೆಳಗಿನವರೆಗೂ ಕೂರುತ್ತಾನೆ. ಹೀಗೆ ಕೂರುವವನಿಂದ ಬದುಕುವ ವ್ಯಾಪಾರ 'ಸಾಕು, ಏಳಿ' ಎಂದು ತಾನಾಗಿಯೇ ಹೇಳುತ್ತದೆಂದು ನಂಬುವುದು ಹೇಗೆ? ಊಟ, ಮದ್ಯ, ಒಂದಿಷ್ಟು ಚಿಪ್ಸ್ ಎಲ್ಲವನ್ನೂ ಪ್ರವೇಶದ ದರದಲ್ಲೇ ಸೇರಿಸಿ ಮಾರುವ ಪದ್ಧತಿ ಇರುವುದೇ ಜನ ಏಳದಿರಲಿ ಎಂದು.

ಹಸ್ತಿನಾವತಿಯ ಸಭೆಯನ್ನು ನೆನೆದಾಗ ನಾವು ಬೈಯುವುದು ಧರ್ಮರಾಯನನ್ನು, ಇಲ್ಲವೇ ಶಕುನಿಯನ್ನು. ಆಟ ನಿಲ್ಲಿಸೆಂದು ವಿದುರ ಬೇಡಿಕೊಂಡದ್ದು ಅವರಿಬ್ಬರನ್ನೂ ಅಲ್ಲ, ಸಭೆಯ ಒಡೆಯನಾದ ಧೃತರಾಷ್ಟ್ರನನ್ನು. ನಿಲ್ಲಿಸುವ ಅಧಿಕಾರವಿದ್ದವನು ಅವನು. ಗೆಲುವು ತನ್ನ ಮಗನದಾದ್ದರಿಂದ ಸುಮ್ಮನಿದ್ದವನೂ ಅವನೇ.

ಸಿಂಗಪುರ ಈ ವಿದುರನಿಗೆ ಕಾನೂನಿನ ಬಲ ಕೊಟ್ಟಿದೆ. 2010ರಲ್ಲಿ ಅಲ್ಲಿ ಎರಡು ಕ್ಯಾಸಿನೊಗಳು ತೆರೆದವು. ಗಂಡನ ಜೂಜಿನಿಂದ ಮನೆ ಹಾಳಾಗುತ್ತಿದ್ದರೆ ಹೆಂಡತಿ ಅರ್ಜಿ ಕೊಟ್ಟು ಅವನ ಪ್ರವೇಶ ತಡೆಯಬಹುದು. ತಂದೆತಾಯಿ, ಮಕ್ಕಳು, ಒಡಹುಟ್ಟಿದವರಿಗೂ ಈ ಹಕ್ಕಿದೆ. ಆತನೂ ತನ್ನ ಮಾತು ಹೇಳಿಕೊಳ್ಳಬಹುದು. ದಿವಾಳಿಯಾಗಿ ಇನ್ನೂ ಬಿಡುಗಡೆ ಪಡೆಯದವರಿಗೆ, ಸರ್ಕಾರದ ನೆರವಿನ ಮೇಲೆ ಬದುಕುವವರಿಗೆ ಅರ್ಜಿಯೇ ಬೇಕಿಲ್ಲ, ಬಾಗಿಲು ತಾನಾಗಿ ಮುಚ್ಚಿರುತ್ತದೆ. ತಡೆಯಾದವರನ್ನು ಒಳಗೆ ಬಿಟ್ಟರೆ ದಂಡ ಕಟ್ಟಬೇಕಾದದ್ದು ಕ್ಯಾಸಿನೊ ನಡೆಸುವವರು. ಜೊತೆಗೆ ಅಲ್ಲಿನ ನಾಗರಿಕರು, ಕಾಯಂ ನಿವಾಸಿಗಳು ಒಂದು ದಿನದ ಪ್ರವೇಶಕ್ಕೆ 150 ಸಿಂಗಪುರ ಡಾಲರ್ ಸುಂಕ ತೆರಬೇಕು.

ಇದು ವ್ಯಕ್ತಿ ಸ್ವಾತಂತ್ರ್ಯಕ್ಕೆ ಅಡ್ಡಿ ಎನ್ನುವವರಿದ್ದಾರೆ. ಸೋತ ಹಣ ಆಡಿದವನೊಬ್ಬನದೇ ಆಗಿದ್ದರೆ ನಾನೂ ಒಪ್ಪುತ್ತಿದ್ದೆ. ಸಾಲ ತೀರಿಸಲು ಅಡವಿಗೆ ಹೋಗುವುದು ಹೆಂಡತಿಯ ಬಳೆ, ನಿಂತುಹೋಗುವುದು ಮಗಳ ಕಾಲೇಜು. ಆ ಮನೆಯವರಿಗೆ ಮಾತೇ ಇಲ್ಲವೆಂದರೆ ಹೇಗೆ?

ಹೊಣೆ ಆಡುವವನೊಬ್ಬನದಲ್ಲ ಎಂಬುದನ್ನು ನಮ್ಮ ಪಕ್ಕದ ಗೋವಾ ಅರ್ಧ ಒಪ್ಪಿಕೊಂಡಿದೆ. 2020ರ ಫೆಬ್ರುವರಿ 1ರಿಂದ ಗೋವಾದವರು ಅಲ್ಲಿನ ಕ್ಯಾಸಿನೊಗಳಿಗೆ ಹೋಗುವಂತಿಲ್ಲ. ತನ್ನ ಜನರ ವಿಷಯದಲ್ಲಿ ಎಚ್ಚರಿಕೆಯ ಫಲಕವನ್ನಷ್ಟೇ ನೆಚ್ಚಲಾಗದೆಂದು ಆ ಸರ್ಕಾರಕ್ಕೆ ಅನ್ನಿಸಿದೆ. ಸರಿಯಾಗಿಯೇ ಅನ್ನಿಸಿದೆ. ಆದರೆ ಬೆಳಗಾವಿಯವನ ಮನಸ್ಸು ಪಣಜಿಯವನ ಮನಸ್ಸಿಗಿಂತ ಗಟ್ಟಿ ಎನ್ನಲು ಯಾವ ಆಧಾರವೂ ಇಲ್ಲ. ಪಣಜಿಯ ಮಾಂಡವಿ ನದಿಯ ಮೇಲೆ ನಿಂತ ಕ್ಯಾಸಿನೊ ಹಡಗುಗಳು ನಡೆಯುವುದು ಹೊರಗಿನವರ ಹಣದಲ್ಲಿ, ಅದರಲ್ಲಿ ನಮ್ಮವರದೂ ಇದೆ.

ಎಲ್ಲವನ್ನೂ ಮುಚ್ಚಿಸಿ ಎಂದು ನಾನು ಹೇಳುತ್ತಿಲ್ಲ. ಕರ್ನಾಟಕ ಸರ್ಕಾರ ಗೋವಾದೊಡನೆ ಕೂತು ಮಾತಾಡಲಿ. ಹುಬ್ಬಳ್ಳಿಯ ಹೆಣ್ಣುಮಗಳು ತಾನಿರುವ ಊರಿನಿಂದಲೇ ಅರ್ಜಿ ಕೊಡುವಂತಾಗಲಿ, ವಿಚಾರಣೆಯಾಗಿ ತಡೆ ಸಿಕ್ಕವರ ಹೆಸರು ಎಲ್ಲ ಹಡಗುಗಳಿಗೂ ತಲುಪಲಿ. ಗೋವಾದವರನ್ನು ಹೊರಗಿಡಬೇಕಾದರೆ ಗುರುತಿನ ಚೀಟಿ ನೋಡಲೇಬೇಕು. ಅದನ್ನು ನೋಡುವ ಕೌಂಟರಿನಲ್ಲೇ ಈ ಪಟ್ಟಿಯನ್ನೂ ನೋಡಿ, ಹೆಸರಿದ್ದವರನ್ನು ವಾಪಸ್ ಕಳಿಸಬಹುದು.