ಅಳಿಯ ತಂದ ಚೀಲ

ಎಳ್ಳ ಅಮಾವಾಸ್ಯೆಯ ದಿನ ನಮ್ಮ ಆಳಂದ ಸೀಮೆಯಲ್ಲಿ ಊರೊಳಗೆ ಯಾರೂ ಸಿಗುವುದಿಲ್ಲ. ಎಲ್ಲರೂ ಹೊಲದಲ್ಲೇ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ, ಚರಗ ಚೆಲ್ಲಿ, ತೊಗರಿ ಸಾಲಿನ ಪಕ್ಕದಲ್ಲಿ ಕುಳಿತು ಉಣ್ಣುವ ಹಬ್ಬ ಅದು. 2025ರ ಡಿಸೆಂಬರಿನಲ್ಲಿ ಆ ಹಬ್ಬಕ್ಕೆ ಜೇವರ್ಗಿ ತಾಲೂಕಿನಿಂದ ನನ್ನ ತಂಗಿಯ ಮಗ ಬಂದಿದ್ದ. ಅಫಜಲಪುರದಿಂದ ಮೊಮ್ಮಗಳೂ ಬಂದಿದ್ದಳು. ಅವಳೀಗ ಎಂಟನೇ ತರಗತಿ.

ಹೊಲದಿಂದ ಮನೆಗೆ ಬಂದ ಮೇಲೆ ಅಳಿಯ ಒಂದು ಬಟ್ಟೆಯ ಚೀಲ ತಂದು ನನ್ನ ಮುಂದಿಟ್ಟ. ಮೇಲೆ ಕಡಬಿನ ಡಬ್ಬಿ, ಕೆಳಗೆ ಐನೂರರ ನೋಟಿನ ಹತ್ತು ಕಟ್ಟು. ಒಂದು ಕಟ್ಟಿನಲ್ಲಿ ನೂರು ನೋಟು. ಮೊಮ್ಮಗಳು ಬೆರಳು ಮಡಚದೆ ಹೇಳಿದಳು, "ಐದು ಲಕ್ಷ, ಮುತ್ಯಾ!"

"ಇದು ನಿಮಗರಿ ಮಾಮಾ" ಎಂದ ಅಳಿಯ. "ಅಪ್ಪ ಹೋದ ಮ್ಯಾಲ ಏಳು ವರ್ಷ ನಿಮ್ಮ ಮನ್ಯಾಗ ಉಂಡು ಸಾಲಿ ಕಲತೀನಿ. ಬ್ಯಾಡ ಅನಬ್ಯಾಡ್ರಿ."

ಅಕ್ಕಲಕೋಟ ಕಡೆಯಿಂದ ಬರುವ ಸೂರತ್-ಚೆನ್ನೈ ಆರು ಪಥದ ಹೆದ್ದಾರಿ ಅಫಜಲಪುರ ತಾಲೂಕಿನ ಬಡದಾಳದಿಂದ ಜೇವರ್ಗಿ ತಾಲೂಕಿನ ಮರಡಗಿ ಅಂದೋಲಾ ಕಡೆಗೆ ಸಾಗುವುದು ನಿಮಗೆ ಗೊತ್ತಿರಬಹುದು. ಅಳಿಯನ ಹೊಲದ ಒಂದು ಪಾಲು ಆ ರಸ್ತೆಗೆ ಹೋಗಿತ್ತು. ಪರಿಹಾರದ ಹಣ ಬ್ಯಾಂಕಿಗೆ ಬಂದಿತ್ತು. ಹಳ್ಳಿಯ ಸಾಗುವಳಿ ಜಮೀನಿನ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ. ಅದರಲ್ಲಿ ಐದು ಲಕ್ಷ ತೆಗೆದು ನನಗೆ ತಂದಿದ್ದ.

ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಮನೆಯಲ್ಲಿ ಗದ್ದಲ ಶುರುವಾಯಿತು. ಮಗ ಗಾಡಿಯ ಸಾಲ ತೀರಿಸೋಣ ಎಂದ. ಮಗಳು ಬಂಗಾರ ಕೊಳ್ಳೋಣ ಎಂದಳು. ನನಗೂ ಒಳಗೊಳಗೆ ಬೋರ್‌ವೆಲ್ ಆಸೆ. ಹಣ ಇನ್ನೂ ಚೀಲದಲ್ಲೇ ಇತ್ತು, ನಾವು ಮಾತಿನಲ್ಲೇ ಅದನ್ನು ಎರಡು ಸಲ ಖರ್ಚು ಮಾಡಿದ್ದೆವು. ನನ್ನ ಹೆಂಡತಿ ಮಾತ್ರ ಏನೂ ಅನ್ನಲಿಲ್ಲ.

ಆಗ ಮೊಮ್ಮಗಳು ಕೇಳಿದಳು, "ಮುತ್ಯಾ, ಇದಕ್ಕ ಟ್ಯಾಕ್ಸ್ ಇಲ್ಲೇನು?"

ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಉತ್ತರ ಗೊತ್ತಿರಲಿಲ್ಲ. ಕಲಬುರಗಿಯಲ್ಲಿ ತೆರಿಗೆ ಸಲಹೆಗಾರನಾಗಿರುವ ಹಳೆಯ ವಿದ್ಯಾರ್ಥಿಗೆ ಫೋನ್ ಹಚ್ಚಿದೆ. ಅವನ ಮೊದಲ ಮಾತೇ, "ಸರ್, ಆ ರೊಕ್ಕ ಕೈಯಾಗ ತಗೋಬ್ಯಾಡ್ರಿ."

ಕಾರಣ ಹೀಗೆ. ಒಬ್ಬರಿಂದ ಒಂದೇ ದಿನ, ಇಲ್ಲವೇ ಒಂದೇ ಸಂದರ್ಭಕ್ಕೆ ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯಬಾರದು. ಸಂಬಂಧಿಕರಾದರೂ ಸರಿ, ಕಾಣಿಕೆಯಾದರೂ ಸರಿ. ಪಡೆದರೆ, ಪಡೆದಷ್ಟೇ ಮೊತ್ತದ ದಂಡ ಬೀಳಬಹುದು. ಅದು ಬೀಳುವುದು ಕೊಟ್ಟವರ ಮೇಲಲ್ಲ, ತೆಗೆದುಕೊಂಡವರ ಮೇಲೆ. "ದಿನಾ ಒಂದೂವರೆ ಲಕ್ಷ ತಗೊಂಡ್ರ?" ಎಂದು ಮಗ ಕೇಳಿದ. ಕಾಣಿಕೆ ಒಂದೇ ಆದ್ದರಿಂದ ಆ ಉಪಾಯವೂ ನಡೆಯುವುದಿಲ್ಲ.

ಚೀಲವನ್ನು ಅಳಿಯನ ಕಡೆಗೆ ಸರಿಸಿದೆ. "ಬ್ಯಾಂಕಿಗೆ ಹಾಕಿ ಕಳಸಪ್ಪ" ಎಂದೆ. ಅವನ ಮುಖ ಸಣ್ಣದಾಯಿತು. ಹಬ್ಬದ ದಿನ ಕೊಟ್ಟದ್ದನ್ನು ತಿರುಗಿ ಕೊಟ್ಟರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಮರುದಿನ ಬೆಳಿಗ್ಗೆ ಚಹಾ ಸಹ ಕುಡಿಯದೆ ಬಸ್ಸು ಹತ್ತಿದ. ಎರಡು ದಿನದ ಮೇಲೆ ತಂಗಿಯ ಫೋನ್ ಬಂತು, "ಅಣ್ಣಾ, ನನ್ನ ಮಗನ ರೊಕ್ಕ ನಿನಗ ಹೇಸಿಗಿ ಆತೇನು?"

ಫೋನಿನಲ್ಲಿ ತೀರುವ ಮಾತಲ್ಲ ಎಂದು ಮೊಮ್ಮಗಳನ್ನು ಕರೆದುಕೊಂಡು ಕಲಬುರಗಿ ಮೇಲೆ ಹಾಯ್ದು ಜೇವರ್ಗಿಗೆ ಹೋದೆ. ದಾರಿಯಲ್ಲಿ ಹಳೆಯ ವಿದ್ಯಾರ್ಥಿಯ ಮನೆಯಲ್ಲಿ ಒಂದು ತಾಸು ಕುಳಿತು ಎಲ್ಲವನ್ನೂ ಕೇಳಿ ತಿಳಿದುಕೊಂಡೆವು. ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ತಂಗಿಯ ಮನೆಯ ಪಡಸಾಲೆಯಲ್ಲಿ ಅದನ್ನು ಬಿಡಿಸಿ ಅವಳೇ ಪಾಠ ಹೇಳಿದಳು.

ಒಂದು ವರ್ಷದಲ್ಲಿ ಹೊರಗಿನವರಿಂದ ಬಂದ ಕಾಣಿಕೆಯ ಹಣ ಒಟ್ಟು 50,000 ರೂಪಾಯಿ ದಾಟಿದರೆ, ದಾಟಿದ ಭಾಗವಷ್ಟೇ ಅಲ್ಲ, ಪೂರ್ತಿ ಹಣ ಆದಾಯದ ಲೆಕ್ಕಕ್ಕೆ ಸೇರುತ್ತದೆ. ಕಾನೂನಿನ ಪಟ್ಟಿಯಲ್ಲಿರುವ ಸಂಬಂಧಿಕರಿಂದ ಬಂದರೆ ಎಷ್ಟಾದರೂ ಸೇರುವುದಿಲ್ಲ. ಆ ಪಟ್ಟಿಯಲ್ಲಿ ಗಂಡ ಅಥವಾ ಹೆಂಡತಿ, ಇಬ್ಬರ ಅಣ್ಣ-ತಮ್ಮ ಅಕ್ಕ-ತಂಗಿಯರು, ತಂದೆ-ತಾಯಿಯ ಒಡಹುಟ್ಟಿದವರು, ನೇರ ಸಾಲಿನ ಅಜ್ಜ-ಅಜ್ಜಿ, ತಂದೆ-ತಾಯಿ, ಮಕ್ಕಳು, ಮೊಮ್ಮಕ್ಕಳು, ಮತ್ತು ಇವರ ಗಂಡ ಅಥವಾ ಹೆಂಡತಿ ಇದ್ದಾರೆ. ಮದುವೆಯಲ್ಲಿ ವಧು-ವರರಿಗೆ ಬಂದ ಮುಯ್ಯಿಗೆ, ಉಯಿಲಿನಿಂದ ಬಂದ ಆಸ್ತಿಗೆ ಈ ತೆರಿಗೆ ಇಲ್ಲ. ಹುಟ್ಟುಹಬ್ಬಕ್ಕೆ, ಗೃಹಪ್ರವೇಶಕ್ಕೆ ಅಂಥ ರಿಯಾಯಿತಿ ಇಲ್ಲ.

ಈ ಪಟ್ಟಿಯನ್ನು ಪಡೆದವರ ಕಡೆಯಿಂದ ಓದಬೇಕು. ಅಳಿಯನಿಗೆ ನಾನು ತಾಯಿಯ ಅಣ್ಣ, ಪಟ್ಟಿಯಲ್ಲಿದ್ದೇನೆ. ನಾನು ಅವನಿಗೆ ಕೊಟ್ಟರೆ ತೆರಿಗೆ ಇಲ್ಲ. ನನಗೆ ಅವನು ತಂಗಿಯ ಮಗ, ಪಟ್ಟಿಯಲ್ಲಿಲ್ಲ. ಮೊಮ್ಮಗಳು ನನ್ನಿಂದ ಅವನ ಕಡೆಗೆ ಹಸಿರು ಬಾಣ, ಅವನಿಂದ ನನ್ನ ಕಡೆಗೆ ಕೆಂಪು ಬಾಣ ಬರೆದಿದ್ದಳು.

ಅಳಿಯ ಆ ಬಾಣಗಳನ್ನು ಬಹಳ ಹೊತ್ತು ನೋಡಿದ. "ಅಂದ್ರ ಸೋದರಮಾವ ಬೆಳೆಸಬಹುದು, ಅಳಿಯ ತೀರಿಸಬಾರದು ಅಂತೇನ್ರಿ?" ಎಂದು ಕೇಳಿ ಮೊದಲ ಸಲ ನಕ್ಕ. ತಂಗಿಗೆ ತಕ್ಷಣ ದಾರಿ ಹೊಳೆಯಿತು. "ನನಗ ಕೊಡ್ಲಿ, ನಾ ನಿನಗ ಕೊಡ್ತೀನಿ. ತಾಯಿಗೆ ಮಗ, ಅಣ್ಣಗ ತಂಗಿ. ಎರಡೂ ಹಸಿರು!"

ಜಾಣತನವೇನೋ ಸರಿ. ಆದರೆ ತಂಗಿಯ ಹೆಸರನ್ನು ಬರೀ ಸೇತುವೆ ಮಾಡಿಕೊಂಡು ದಾಟುವುದು ನನ್ನ ಮನಸ್ಸಿಗೆ ಬರಲಿಲ್ಲ. ನಡೆದದ್ದು ಒಂದು, ಕಾಗದದಲ್ಲಿ ಇನ್ನೊಂದು ಆಗಬಾರದು. "ಮೊದಲು ಲೆಕ್ಕ ಹಾಕೋಣ, ಆಮೇಲೆ ಅಂಜೋಣ" ಎಂದೆ.

ಮಕ್ಕಳೇ, ನೀವೂ ಹಾಕಿ ನೋಡಿ. ನನ್ನ ವರ್ಷದ ಪಿಂಚಣಿ 4,80,000. ಬ್ಯಾಂಕಿನ ಬಡ್ಡಿ 40,000. ಕಾಣಿಕೆ 5,00,000. ಒಟ್ಟು 10,20,000. ಪಿಂಚಣಿದಾರರಿಗೆ ಇರುವ 75,000 ಕಡಿತ ಕಳೆದರೆ 9,45,000. 2025-26ರಲ್ಲಿ ಹೊಸ ತೆರಿಗೆ ಪದ್ಧತಿ ಹಿಡಿದವರಿಗೆ ಇಂಥ ಆದಾಯ 12 ಲಕ್ಷದವರೆಗೆ ಇದ್ದರೆ ರಿಯಾಯಿತಿ ಕಳೆದು ಕಟ್ಟಬೇಕಾದ ತೆರಿಗೆ ಸೊನ್ನೆ! ಲೆಕ್ಕಕ್ಕೆ ಸೇರುವುದು ಬೇರೆ, ತೆರಿಗೆ ಬೀಳುವುದು ಬೇರೆ. ಆದರೆ ರಿಟರ್ನ್ ಸಲ್ಲಿಸಿ, ಅದರಲ್ಲಿ ಕಾಣಿಕೆಯನ್ನು ತೋರಿಸಲೇಬೇಕು. ನನ್ನ ಆದಾಯ ಹೆಚ್ಚಿದ್ದರೆ ತೆರಿಗೆಯ ಪಾಲನ್ನು ಮೊದಲೇ ತೆಗೆದಿಟ್ಟು ಉಳಿದದ್ದನ್ನಷ್ಟೇ ನನ್ನದು ಎನ್ನಬೇಕಾಗುತ್ತಿತ್ತು. ತೆರಿಗೆಯ ದರ ಬಜೆಟ್ಟಿನಲ್ಲಿ ಬದಲಾಗುತ್ತದೆ, 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆಯ ಕಾಯ್ದೆಯೂ ಹೊಸದು. ಆದ್ದರಿಂದ ಆಯಾ ವರ್ಷದ ನಿಯಮ ತಿಳಿದವರನ್ನು ಕೇಳಿಯೇ ಹೆಜ್ಜೆ ಇಡಿ.

ಮರುದಿನ ಅಳಿಯ ತನ್ನ ಖಾತೆಯಿಂದ ನನ್ನ ಖಾತೆಗೆ ಹಣ ಕಳಿಸಿದ. ಯಾರು, ಯಾರಿಗೆ, ಯಾವಾಗ, ಏಕೆ ಕೊಟ್ಟರು ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದೆವು. ನಾಳೆ ತೆರಿಗೆಯವರು ಕೇಳಿದರೂ, ನಮ್ಮ ಮಕ್ಕಳೇ ಕೇಳಿದರೂ ಆ ಹಾಳೆ ಉತ್ತರ ಹೇಳುತ್ತದೆ.

ನಿಮ್ಮಲ್ಲಿ ಅಜ್ಜ-ಅಜ್ಜಿಯರು ಕೇಳಬಹುದು, ನಾವು ಮೊಮ್ಮಕ್ಕಳಿಗೆ ಕೊಟ್ಟರೆ? ಅದು ಹಸಿರು ಬಾಣ. ಇನ್ಫೋಸಿಸ್‌ನ ಎನ್. ಆರ್. ನಾರಾಯಣ ಮೂರ್ತಿಯವರು 2024ರ ಮಾರ್ಚಿನಲ್ಲಿ ತಮ್ಮ ನಾಲ್ಕು ತಿಂಗಳ ಮೊಮ್ಮಗನಿಗೆ 15 ಲಕ್ಷ ಷೇರು ಕೊಟ್ಟದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅವುಗಳ ಬೆಲೆ ಆಗ 240 ಕೋಟಿ ರೂಪಾಯಿಗೂ ಹೆಚ್ಚು. ಅಜ್ಜನಿಂದ ಮೊಮ್ಮಗುವಿಗೆ ಬರುವ ಕಾಣಿಕೆಗೆ, ಅದು ಐನೂರು ರೂಪಾಯಿ ಇರಲಿ ಕೋಟಿ ಇರಲಿ, ತೆರಿಗೆ ಇಲ್ಲ. ಆದರೆ ಆ ಹಣದಿಂದ ಮುಂದೆ ಬರುವ ಬಡ್ಡಿ, ಲಾಭಾಂಶ ಆದಾಯವೇ. ಮಗುವಿಗೆ ಹದಿನೆಂಟು ತುಂಬುವವರೆಗೆ ಅದು ಸಾಮಾನ್ಯವಾಗಿ ತಂದೆ-ತಾಯಿಯಲ್ಲಿ ಹೆಚ್ಚು ಆದಾಯ ಇರುವವರ ಲೆಕ್ಕಕ್ಕೆ ಸೇರುತ್ತದೆ.

ಇನ್ನೊಂದು ಎಚ್ಚರ. "ನಿಮಗೆ ದೊಡ್ಡ ಉಡುಗೊರೆ ಬಂದಿದೆ, ಮೊದಲು ತೆರಿಗೆ ಕಟ್ಟಿ" ಎಂದು ಫೋನ್ ಬಂದರೆ ಅದು ಕಳ್ಳರದೇ. ಹೀಗೆ ಮೋಸ ಹೋದರೆ ನಾಚಿಕೊಂಡು ಕೂಡದೆ ಕೂಡಲೇ 1930ಕ್ಕೆ ಫೋನ್ ಮಾಡಿ. ಮೊಮ್ಮಕ್ಕಳೇ, ಈ ನಂಬರನ್ನು ಇವತ್ತೇ ಅಜ್ಜ-ಅಜ್ಜಿಯ ಮೊಬೈಲಿನಲ್ಲಿ ಹಾಕಿಕೊಡಿ.

ಇನ್ನು ಆ ಐದು ಲಕ್ಷದ ಕಥೆ. ಜೇವರ್ಗಿಯಿಂದ ಬಂದ ರಾತ್ರಿ ಹೆಂಡತಿಯನ್ನು ಕೇಳಿದೆ, "ಅವತ್ತು ನೀ ಏನೂ ಅನ್ನಲಿಲ್ಲ." ಅವಳು ಸೂಜಿ-ದಾರ ಮುಂದೆ ಹಿಡಿದಳು. "ಒಂದು ವರ್ಷ ಆತು, ಇದು ಪೋಣಸಾಕ ಬರವಲ್ದು. ಕಣ್ಣಾಗ ಪೊರಿ ಬಂದದ." ಅಷ್ಟು ಜನ ಮಾತಾಡಿದ ಮನೆಯಲ್ಲಿ ಅವಳನ್ನು ಯಾರೂ ಕೇಳಿರಲಿಲ್ಲ. ಮೊದಲ ಖರ್ಚು ಅದೇ ಆಯಿತು. ಕಾಯಿಲೆಗೆ, ತಲೆಯ ಮೇಲಿನ ಹೆಚ್ಚು ಬಡ್ಡಿಯ ಸಾಲಕ್ಕೆ ಕಾಯಬಾರದು. ಉಳಿದದ್ದಕ್ಕೆಲ್ಲ ಕಾಯಬೇಕು.

ಎಷ್ಟು ದಿನ? ತೊಗರಿಯಷ್ಟು. ಮುಂಗಾರಿಗೆ ಬಿತ್ತಿದ ತೊಗರಿ ಕೊಯ್ಲಿಗೆ ಬರಲು ಹತ್ತಿರ ಹತ್ತಿರ ಆರು ತಿಂಗಳು ಬೇಕು. ಕೈಗೆ ಬಂದ ಹಣಕ್ಕೂ ಅಷ್ಟು ಸಮಯ ಕೊಟ್ಟೆ. ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ಅಸಲು-ಬಡ್ಡಿ ಸೇರಿ ಐದು ಲಕ್ಷದವರೆಗೆ ಮಾತ್ರ ವಿಮೆಯ ರಕ್ಷಣೆ ಇದೆ. ನನ್ನ ಹಳೆಯ ಠೇವಣಿಯೂ ಅಲ್ಲೇ ಇದ್ದುದರಿಂದ ಅರ್ಧ ಬ್ಯಾಂಕಿನಲ್ಲಿ, ಅರ್ಧ ಅಂಚೆ ಕಚೇರಿಯಲ್ಲಿ ಇಟ್ಟೆ. ಮಿರಗದ ಮಳೆ ಬರುವ ಹೊತ್ತಿಗೆ ಬಂಗಾರದ ಮಾತು ಮಗಳಿಗೇ ಮರೆತುಹೋಗಿತ್ತು. ಬೋರ್‌ವೆಲ್ ಆಸೆ ನನಗೇ ಬೇಡವಾಗಿತ್ತು. ಸೋರುವ ಮಾಳಿಗೆ ಮಾತ್ರ ಸೋರುತ್ತಲೇ ಇತ್ತು, ಅದನ್ನು ಮಾಡಿಸಿದೆವು.

ಅಳಿಯ ಈಗಲೂ ಬರುತ್ತಾನೆ. ಉಳಿದ ಹೊಲದಲ್ಲಿ ಬೆಳೆದ ತೊಗರಿಯ ಒಂದು ಚೀಲ ಹೊತ್ತು ತಂದು ಬಾಗಿಲಲ್ಲಿ ನಿಂತು ಕೇಳಿದ, "ಮಾಮಾ, ಇದನ್ನರ ಕೈಯಾಗ ತಗೋತೀರೊ, ಇದನ್ನೂ ಬ್ಯಾಂಕಿಗೆ ಹಾಕಲೊ?"

ಮೊಮ್ಮಗಳು ನೋಟ್‌ಬುಕ್ಕು ತೆಗೆದು ನೋಡಿದಳು. ಕಾಣಿಕೆಯಾಗಿ ಬಂದ ಕಾಳು-ಕಡಿಗೆ ಈ ತೆರಿಗೆ ಇಲ್ಲ. "ಒಳಗ ತರ್ರಿ ಮಾಮಾ" ಎಂದಳು. ನನ್ನ ಹೆಂಡತಿ ಕಾಳನ್ನು ಅಂಗೈಯಲ್ಲಿ ಹಿಡಿದು, ಕನ್ನಡಕವಿಲ್ಲದೆ, ಒಂದೊಂದಾಗಿ ನೋಡಿದಳು.