ಕೋಳಿಮನೆಯ ಗಾಳಿಗೆ ಯಾರು ಹೊಣೆ?

ಚಳಿಗಾಲದ ರಾತ್ರಿಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಯ ಬ್ರಾಯ್ಲರ್ ಶೆಡ್ಡುಗಳ ಪರದೆಗಳನ್ನು, ಮರಿಗಳಿಗೆ ಥಂಡಿ ತಾಗೀತೆಂಬ ಭಯದಿಂದ, ಬುಡದವರೆಗೆ ಇಳಿಬಿಡುವುದು ವಾಡಿಕೆ. ಆ ಭಯ ನಿಷ್ಕಾರಣವಾದುದಲ್ಲ. ಆದರೆ ಒಳಗೆ ಕಟ್ಟಿಕೊಂಡ ತೇವವೂ, ನೆನೆದ ಭತ್ತದ ಹೊಟ್ಟಿನಿಂದೇಳುವ ಅಮೋನಿಯವೂ ಹೊರಹೋಗಲು ದಾರಿ ಕಾಣದೆ, ಬೆಳಗಿನ ಜಾವ ಒಳಹೊಕ್ಕವನ ಕಣ್ಣಲ್ಲಿ ನೀರು ತರಿಸುತ್ತವೆ. ಅವನೇನೋ ಕಣ್ಣೊರೆಸಿಕೊಂಡು ಹೊರಬರಬಲ್ಲ. ನೆಲದಿಂದ ಗೇಣೆತ್ತರದಲ್ಲಿ ಮೂಗಿಟ್ಟುಕೊಂಡು ಬದುಕುವ ಮರಿಗೆ ಆ ಅನುಕೂಲವಿಲ್ಲ.

ಮೂರು ನಾಲ್ಕನೆಯ ವಾರದಲ್ಲಿ ದೀಪವಾರಿದ ಮೇಲೆ ಗೊರಗೊರ ಸದ್ದು ಕೇಳತೊಡಗಿದಾಗ, ಇದು ಯಾವ ರೋಗವೆಂದು ಒಂದೇ ಹೆಸರನ್ನು ಹುಡುಕುವುದು ನಮ್ಮ ಸ್ವಭಾವ. ವಸ್ತುತಃ ಅದು ಒಂದೇ ರೋಗಾಣುವಿನ ಕೃತ್ಯವಾಗಿರುವುದು ವಿರಳ. ಶ್ವಾಸನಾಳದ ಧೂಳನ್ನು ಮೇಲಕ್ಕೆ ತಳ್ಳುತ್ತಿರುವ ಸೂಕ್ಷ್ಮರೋಮಗಳನ್ನು ಅಮೋನಿಯ ಮೊದಲೇ ಜಡಗೊಳಿಸಿರುತ್ತದೆ. ಸಾಂಕ್ರಾಮಿಕ ಬ್ರಾಂಕೈಟಿಸ್ಸಿನ ಕೊರೋನಾ ವೈರಸ್ಸೋ, ಕೊಕ್ಕರೆ ರೋಗದ ವೈರಸ್ಸೋ ಬಂದು ಉಳಿದುದನ್ನು ಕೆಡಿಸುತ್ತದೆ. ತಾಯಿಕೋಳಿಯಿಂದ ಮೊಟ್ಟೆಯ ಮೂಲಕವೇ ಇಳಿದುಬಂದ ಮೈಕೋಪ್ಲಾಸ್ಮ ಮರಿಯಲ್ಲಿ ಅಡಗಿದ್ದರೆ, ಮೊದಲ ವಾರ ಹಾಕಿದ ಲಸೋಟ ಲಸಿಕೆಯ ಸೌಮ್ಯ ಪ್ರತಿಕ್ರಿಯೆ ಕೂಡ ಉಲ್ಬಣಿಸುವುದುಂಟು. ಕಟ್ಟಕಡೆಗೆ, ಹಿಕ್ಕೆಯಲ್ಲಿಯೂ ಧೂಳಿನಲ್ಲಿಯೂ ಸದಾ ಇರತಕ್ಕ ಈ-ಕೋಲೈ ಬ್ಯಾಕ್ಟೀರಿಯವು ಕಾವಲಿಲ್ಲದ ಆ ಹಾದಿಯಲ್ಲಿ ಒಳಗಿಳಿಯುತ್ತದೆ. ಸತ್ತ ಹಕ್ಕಿಯನ್ನು ಸೀಳಿ ನೋಡಿದರೆ, ಇದೆಯೋ ಇಲ್ಲವೋ ಎಂಬಷ್ಟು ತೆಳುವಾಗಿ ಪಾರದರ್ಶಕವಾಗಿರಬೇಕಾದ ವಾಯುಚೀಲಗಳು ಮಬ್ಬಾಗಿ ದಪ್ಪಗಟ್ಟಿ, ಒಳಗೆ ಗಿಣ್ಣಿನಂತೆ ಹೆಪ್ಪುಗಟ್ಟಿದ ಹಳದಿ ಕೀವು; ಹೃದಯದ ಮೇಲೂ ಪಿತ್ತಜನಕಾಂಗದ ಮೇಲೂ ಬಿಳಿಯ ಪೊರೆ. ಕೊನೆಯಲ್ಲಿ ಬಂದು ಸಿಕ್ಕಿಬಿದ್ದ ಈ-ಕೋಲೈಗೇ ಸಮಸ್ತ ಅಪರಾಧವನ್ನೂ ಹೊರಿಸಲಾಗುತ್ತದೆ.

ಒಡನೆಯೇ ಕುಡಿಯುವ ನೀರಿಗೆ ಆ್ಯಂಟಿಬಯಾಟಿಕ್ ಬೀಳುತ್ತದೆ. ವೈರಸ್ಸಿನ ಮೇಲೆ ಅದರ ಪ್ರಭಾವ ಶೂನ್ಯ. ಹೆಪ್ಪುಗಟ್ಟಿದ ಕೀವಿನೊಳಕ್ಕೆ ಅದು ಹೋಗುವುದೂ ಅತ್ಯಲ್ಪ. ಮನುಷ್ಯರಿಗೆ ಅಂತಿಮಾಸ್ತ್ರವೆನಿಸಿದ ಕೊಲಿಸ್ಟಿನ್ನನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಬಾರದೆಂದು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಉಚಿತವೇ ಸರಿ. ಆದರೆ ಒಂದು ಬಾಟಲಿಯನ್ನು ಕಿತ್ತುಕೊಂಡ ಮಾತ್ರಕ್ಕೆ ಇನ್ನೊಂದಕ್ಕೆ ಚಾಚುವ ಕೈ ನಿಲ್ಲಲಾರದು.

ನಿಲ್ಲದಿರುವುದಕ್ಕೆ ಕಾರಣ ರೈತನ ಅಜ್ಞಾನವೆಂದು ಹೇಳಿ ಮುಗಿಸುವವರ ಮಾತನ್ನು ನಾನು ಒಪ್ಪಲಾರೆ. ಒಪ್ಪಂದದ ಸಾಕಣೆಯಲ್ಲಿ ಮರಿ, ಮೇವು, ಔಷಧಗಳು ಕಂಪನಿಯವು. ಶೆಡ್ಡು, ಹೊಟ್ಟು, ಇದ್ದಿಲು, ವಿದ್ಯುತ್ತು ಸಾಮಾನ್ಯವಾಗಿ ರೈತನವು. ಪರದೆಯನ್ನು ಮೇಲಿನಿಂದ ಒಂದಡಿ ತೆರೆದರೆ ಗಾಳಿಯೊಡನೆ ಕಾವೂ ಹೊರಹೋಗಿ, ಅವನ ಇದ್ದಿಲು ಹೆಚ್ಚು ಉರಿಯುತ್ತದೆ. ಮುಚ್ಚಿದರೆ ಕಂಪನಿಯ ಔಷಧ ಹೆಚ್ಚು ಖರ್ಚಾಗುತ್ತದೆ. ಕಿಲೋ ಲೆಕ್ಕದ ಸಾಕಣೆ ಕೂಲಿಯನ್ನೇ ನಂಬಿಕೊಂಡವನು ಯಾವುದನ್ನು ಆರಿಸಿಕೊಂಡಾನೆಂಬುದು ಊಹಾತೀತವೇನಲ್ಲ. ಆದುದರಿಂದ ಗಾಳಿಯ ವೆಚ್ಚದಲ್ಲಿ ಕಂಪನಿಗೂ ಪಾಲಿರತಕ್ಕದ್ದು. ತೂಕ, ಮೇವು, ಸಾವುಗಳನ್ನು ಕಾರ್ಡಿನಲ್ಲಿ ಬರೆದುಕೊಳ್ಳುವ ಮೇಲ್ವಿಚಾರಕನು ಅಮೋನಿಯಕ್ಕೂ ಅಲ್ಲಿಯೇ ಒಂದು ಅಂಕಣ ತೆರೆಯಲಿ. ಹತ್ತು ಲಕ್ಷಕ್ಕೆ 25 ಭಾಗದೊಳಗೆ ಅದನ್ನು ಇಟ್ಟುಕೊಂಡ ರೈತನಿಗೆ ಚಳಿಗಾಲದ ಬ್ಯಾಚಿನ ಕೂಲಿಯೊಡನೆ ಇದ್ದಿಲಿನ ಹಣವೂ ಸಲ್ಲಲಿ.