ಹಿತ್ತಲೂ ನಮ್ಮದೇ

ಗೆಳೆಯರೇ, ರಜೆಗೆ ಊರಿಗೆ ಹೋಗ್ತೀರಿ. ಹೊಸದಾಗಿ ಸಿಕ್ಕ ಸರ್ಕಾರಿ ಮನೆ ಹಿಂದೆ ನಾಲ್ಕು ಗಜ ಜಾಗ ಇದ್ರೆ ಕ್ರೋಟನ್ ಬೇಡ, ನುಗ್ಗೆ ಕೊಂಬೆ ನೆಡಿ. ಬಚ್ಚಲು ನೀರಿಗೆ ಬಸಳೆ, ಬಾಳೆ. ಪರಂಗಿ ಒಂದು ಗುಂಡಿಗೆ ಮೂರು ಸಸಿ ಹಾಕಿ. ಹೂ ಬಿಟ್ಟಾಗ ಗಂಡು ಗಿಡ ಗೊತ್ತಾಗುತ್ತೆ, ಕಿತ್ತುಹಾಕಿ. ಇಡೀ ಕೇರಿಗೆ ಒಂದೆರಡು ಗಂಡು ಸಾಕು! ದಂಟಿನ ಸೊಪ್ಪು 30 ದಿನಕ್ಕೇ ಸಾರಿಗೆ ಬರುತ್ತೆ. ಹಾಸ್ಟೆಲ್ಲಿನ ನೀರು ಸಾರು ಉಂಡವರಿಗೆ ಇದರ ಬೆಲೆ ಹೇಳಬೇಕೆ?

ಗಿಡ ನೆಟ್ಟರೆ ಜಾತಿ ಹೋಗುತ್ತಾ ಅಂತ ಕೇಳೋರಿದ್ದಾರೆ. ಹೋಗಲ್ಲ. ಆದರೆ ಹಿಡಿ ಸೊಪ್ಪಿಗಾಗಿ ದಣಿಗಳ ತೋಟದ ಬೇಲಿ ಪಕ್ಕ ನಿಂತು ಅವ್ವ ಬೈಸಿಕೊಳ್ಳೋದು ತಪ್ಪುತ್ತೆ. ಹಿತ್ತಲು ಸಿಕ್ಕಿತೆಂದು ಹೊಲ ಕೇಳೋದನ್ನ ಬಿಡಬಾರದು, ಅದು ಬೇರೆ ಮಾತು.

ನೀರೆಲ್ಲಿ? 1927ರಲ್ಲಿ ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಗೆ ಇಳಿದದ್ದು ನೀರಿನ ಹಕ್ಕಿಗೇ. ಕೇರಿ ನಲ್ಲಿ ಒಣಗಿದ್ರೆ ಪಂಚಾಯ್ತಿ ಮುಂದೆ ಖಾಲಿ ಕೊಡ ಇಟ್ಟು ಕೂರಿ, ಸಸಿ ಬಾಡೋ ಮೊದಲೇ.